ಹತ್ತು ಸಾವಿರದ ಏಳು ಇರುವೆಗಳು

ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ನದಿಗಳು ಆಗಷ್ಟೇ ದಾರಿ ಕಲಿಯುತ್ತಿದ್ದವು. ಲೋಕ ಅಷ್ಟು ಹೊಸದು. ಆಗ ಇರುವೆಗಳು ಸಾಲಾಗಿ ನಡೆಯುತ್ತಿರಲಿಲ್ಲ. ಚೆಲ್ಲಿದ ಎಳ್ಳಿನ ಹಾಗೆ ಮನಸ್ಸು ಬಂದ ಕಡೆ ಹೋಗುತ್ತಿದ್ದವು.

ಆ ಇರುವೆಗಳಲ್ಲಿ ತಿಪ್ಪವ್ವ ಎಂಬ ಮುದುಕಿಯಿದ್ದಳು. ಲೆಕ್ಕದಲ್ಲಿ ಬಲು ಗಟ್ಟಿಗಿತ್ತಿ.

ಒಂದು ಬೆಳಿಗ್ಗೆ ಮೋಡ ಕೆಳಗಿಳಿದು ಬಂದು, ಸಂಜೆಗೆ ಸುರಿಯುತ್ತೇನೆ, ನಿಮ್ಮ ಗೂಡಿರುವ ತಗ್ಗು ಮುಳುಗುತ್ತದೆ ಎಂದಿತು. ಆಚೆ ದಡದಲ್ಲಿ ಎತ್ತರದ ದಿಬ್ಬವಿತ್ತು. ನಡುವೆ ನದಿ. ನದಿಯ ಮೇಲೆ ಅಡ್ಡಬಿದ್ದ ಒಂದು ಮರ.

ದಾಟಲು ಬಿಡು ಎಂದು ತಿಪ್ಪವ್ವ ನದಿಯನ್ನು ಕೇಳಿಕೊಂಡಳು.

"ಸಾಲು ಕಟ್ಟಿ ಬನ್ನಿ," ಎಂದಿತು ನದಿ. "ಎಲ್ಲ ಸಾಲೂ ಸಮನಾಗಿರಲಿ. ಸಾಲಿಗೆ ಸಿಗದೆ ಉಳಿದವರು ನನ್ನ ಪಾಲು. ಸಮನಾಗಿದ್ದರೆ, ಕೊನೆಯವರು ದಾಟುವ ತನಕ ನಾನು ಏರುವುದಿಲ್ಲ."

ತಿಪ್ಪವ್ವ ಎಣಿಸಿದಳು. ಹತ್ತು ಸಾವಿರದ ಏಳು. ಇಷ್ಟು ದೊಡ್ಡ ಸಂಖ್ಯೆ, ಯಾವುದರಿಂದಲಾದರೂ ಭಾಗವಾಗಲೇಬೇಕು ಅಂದುಕೊಂಡಳು.

ಎರಡೆರಡಾಗಿ ನಿಲ್ಲಿಸಿದಳು. ಒಬ್ಬರು ಉಳಿದರು. ಮೂರು ಮೂರಾಗಿ ನಿಲ್ಲಿಸಿದಳು. ಇಬ್ಬರು ಉಳಿದರು. ಏಳೇಳಾಗಿ ನಿಲ್ಲಿಸಿದಳು. ನಾಲ್ವರು ಉಳಿದರು. ಹನ್ನೊಂದಕ್ಕೆ ಎಂಟು ಮಂದಿ. ಹೀಗೇ ನೂರರವರೆಗೂ ನೋಡಿದಳು. ಪ್ರತಿ ಸಲವೂ ಯಾರೋ ಉಳಿದರು.

ಇನ್ನೂ ಉದ್ದದ ಸಾಲು ಕಟ್ಟಿಯೂ ಫಲವಿಲ್ಲ ಎಂದು ತಿಪ್ಪವ್ವನಿಗೆ ಹೊಳೆಯಿತು. ಸಾಲು ನೂರಕ್ಕಿಂತ ಉದ್ದವಾದರೆ ಸಾಲುಗಳ ಸಂಖ್ಯೆ ನೂರರೊಳಗೆ ಬರುತ್ತದೆ, ಅವನ್ನೆಲ್ಲ ನೋಡಿಯಾಗಿತ್ತು. ಇಷ್ಟು ದೊಡ್ಡ ಸಂಖ್ಯೆ ಯಾವುದಕ್ಕೂ ಬಗ್ಗದೆ ನಿಂತಿತ್ತು. ಅಂಥದ್ದೊಂದು ಇರಬಹುದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಆಗ ಹಿರಿಯ ಗೊದ್ದಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಏಳು ಮಂದಿಯನ್ನು ಬಿಟ್ಟುಬಿಡು. ನೂರು ಸಾಲು, ಸಾಲಿಗೆ ನೂರು. ಎಷ್ಟು ಚೆಂದ ಕೂಡುತ್ತದೆ ನೋಡು."

ತಿಪ್ಪವ್ವ ನೂರರ ಸಾಲಿಗೆ ಸಿಗದೆ ನಿಂತಿದ್ದ ಆ ಏಳು ಮಂದಿಯನ್ನು ನೋಡಿದಳು. ಇಬ್ಬರು ಮೊಟ್ಟೆ ಹೊತ್ತಿದ್ದರು. ಒಬ್ಬ ಕುಂಟ. ಕೊನೆಯವಳು ಅವಳ ತಂಗಿ ಸಣ್ಣಕ್ಕ. ಅವರ ಹಿಂದೆ ನಿಂತ ಸಾವಿರಾರು ತಲೆಗಳು ಒಂದೊಂದಾಗಿ ಆಡತೊಡಗಿದವು, ಹೌದು ಹೌದು ಎಂದು. ಗೊದ್ದಣ್ಣನ ಮಾತಿಗಿಂತ ಆ ತಲೆಗಳೇ ಅವಳಿಗೆ ಹೆಚ್ಚು ಚುಚ್ಚಿದವು. ನಿನ್ನೆಯವರೆಗೆ ಒಂದೇ ಕಾಳನ್ನು ಹಂಚಿ ತಿಂದವರು ಇವರೇ.

ಅವಳು ನದಿಯ ಕಡೆ ತಿರುಗಿದಳು. ಒಂದು ಸಾಲಿಗೆ ಕಡಿಮೆಯೆಂದರೆ ಎಷ್ಟು ಮಂದಿ ಇರಬೇಕು ಎಂದು ಕೇಳಿದಳು. ಅದನ್ನು ನಾನು ಹೇಳಿಲ್ಲವಲ್ಲ ಎಂದಿತು ನದಿ.

"ಹಾಗಾದರೆ ಸಾಲಿಗೆ ಒಬ್ಬರೇ," ಎಂದಳು ತಿಪ್ಪವ್ವ. "ಹತ್ತು ಸಾವಿರದ ಏಳು ಸಾಲು. ಎಲ್ಲವೂ ಸಮ. ಉಳಿದವರು ಯಾರೂ ಇಲ್ಲ."

ನದಿ ಮರದ ಕೆಳಗೆ ಇಳಿದು ದಾರಿ ಬಿಟ್ಟಿತು. ಕೊಟ್ಟ ಮಾತು ಕೊಟ್ಟಾಗಿತ್ತು.

ತಿಪ್ಪವ್ವ ಆ ಏಳು ಮಂದಿಯನ್ನೇ ಮೊದಲು ಕಳಿಸಿದಳು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಮರದ ಮೇಲೆ ನಡೆದರು. ಸಂಜೆಗೆ ಮಳೆ ಸುರಿಯಿತು. ನದಿ ಒಳಗೊಳಗೇ ಉಬ್ಬಿತೇ ಹೊರತು ಮರವನ್ನು ಮುಟ್ಟಲಿಲ್ಲ. ಎಲ್ಲರಿಗಿಂತ ಕೊನೆಗೆ ಬಂದ ಗೊದ್ದಣ್ಣ ಆ ಏಳು ಮಂದಿಯ ಮುಖ ನೋಡಲಾರದೆ, ನೆಲ ನೋಡುತ್ತ ದಿಬ್ಬ ಹತ್ತಿದ.

ಅದಕ್ಕೇ ಮಗೂ, ಇವತ್ತಿಗೂ ಮಳೆ ಬರುವ ಮುಂಚೆ ನಮ್ಮ ಗೋಡೆಯ ಮೇಲೆ ಇರುವೆಗಳು ಮೊಟ್ಟೆ ಹೊತ್ತು, ಒಂದರ ಹಿಂದೆ ಒಂದರಂತೆ, ಯಾರನ್ನೂ ಬಿಡದೆ ಹೋಗುತ್ತವೆ.