ಆರು ಗಂಟೆಯ ವಿದಾಯ

ಒಡೆಯರು ಕೈಬಿಟ್ಟಿದ್ದ ಒಂದು ಆನ್‌ಲೈನ್ ಆಟವನ್ನು ಮರಕುಟಿಗ ಮತ್ತು ಗೀಜಗ, ತಮ್ಮ ಗೂಡು ಸೋರುವುದನ್ನೂ ಮರೆತು, ಎರಡು ವರ್ಷ ಬಿಟ್ಟಿ ದುಡಿದು ಮತ್ತೆ ನಡೆಯುವಂತೆ ಮಾಡಿದವು. ಅವಕ್ಕೆ ಸಿಕ್ಕಿದ್ದು ಆಟ ಮುಚ್ಚಿದ ಕೊನೆಯ ದಿನದ ಕಾಪಿ. ಹಾಗಾಗಿ ಸಂಜೆ ಆರಾದರೆ ಸಾಕು, ‘ಇಂದಿಗೆ ಆಟ ಮುಗಿಯಿತು, ಎಲ್ಲರಿಗೂ ನಮಸ್ಕಾರ’ ಎಂಬ ಹಳೆಯ ಸೂಚನೆ ಬಂದು ಆಟ ತಾನಾಗಿ ಮುಚ್ಚಿಕೊಳ್ಳುತ್ತಿತ್ತು; ಬೆಳಿಗ್ಗೆ ಮತ್ತೆ ತೆರೆಯುತ್ತಿತ್ತು.

ಹಳೆಯ ಆಟಗಾರರೆಲ್ಲ ದಿನಾ ಐದೂವರೆಗೇ ಬಂದು ಸೇರುತ್ತಿದ್ದರು. ಎಮ್ಮೆ ಮೊಲವನ್ನು ತಬ್ಬಿಕೊಂಡು ಅಳುತ್ತಿತ್ತು. “ಎಂಥಾ ಆಟ! ಮುಚ್ಚದೆ ಇದ್ದಿದ್ದರೆ ಹಗಲೆಲ್ಲ ಇಲ್ಲೇ ಆಡಿಕೊಂಡಿರುತ್ತಿದ್ದೆವು.”

ಆ ಮಾತು ಕೇಳಿ ಮರಕುಟಿಗ ಮೂರು ತಿಂಗಳು ಕುಕ್ಕಿ ಕುಕ್ಕಿ, ಆಟ ಮುಚ್ಚಿಸುತ್ತಿದ್ದ ಕೋಡ್‌ನ ಸಾಲನ್ನು ಹುಡುಕಿ ಕಿತ್ತುಹಾಕಿತು. ಅಂದು ಆರು ಹೊಡೆಯಿತು, ಆಟ ಮುಚ್ಚಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು.

“ಈಗ ಏನು ಮಾಡಬೇಕು?” ಎಂದಿತು ಎಮ್ಮೆ.

“ಆಡಬೇಕು,” ಎಂದಿತು ಗೀಜಗ.

“ಹೌದಲ್ಲ! ನಾಳೆ ಆಡಿದರಾಯಿತು. ಇನ್ನು ಆಟ ಎಲ್ಲಿಗೂ ಹೋಗುವುದಿಲ್ಲವಲ್ಲ,” ಎಂದು ಎಮ್ಮೆ ಹೊರಟಿತು. ಉಳಿದವರೂ ಹೊರಟರು.

ಮರುದಿನ ಯಾರೂ ಬರಲಿಲ್ಲ. ಮೂರನೆಯ ದಿನ ಎಮ್ಮೆಯ ದೂರು ಬಂತು: “ಚೆನ್ನಾಗಿದ್ದ ಆಟವನ್ನು ಕೆಡಿಸಿದ್ದೀರಿ. ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ.”

ಗೀಜಗ ಅದನ್ನು ಎರಡು ಸಲ ಓದಿತು. “ಮೊದಲು ಅಂದರೆ ಯಾವಾಗ?” ಎಂದು ಮರಕುಟಿಗನನ್ನು ಕೇಳಿತು.

ಕಿತ್ತ ಸಾಲು ಇನ್ನೂ ಮರಕುಟಿಗನ ಕೊಕ್ಕಿನಲ್ಲೇ ಇತ್ತು.