ನಿಂತವ್ವನ ಅಗಸಿ

ಕೆಂಚನಗಡದ ಮೂಡಣ ಬಾಗಿಲಿಗೆ ನಿಂತವ್ವನ ಅಗಸಿ ಎಂದು ಹೆಸರು. ಹೆಸರು ಕೇಳಿ ಕಾಯಿ-ಕರ್ಪೂರ ಹಿಡಿದು ಬಂದವರು ದೇವಿಯ ಗುಡಿ ಹುಡುಕುತ್ತಾರೆ, ಪಾಪ! ಅಲ್ಲಿ ಗುಡಿಯೂ ಇಲ್ಲ, ಮೂರ್ತಿಯೂ ಇಲ್ಲ. ಇರುವುದು ಗುಂಡು ಬಿದ್ದು ಅರ್ಧ ಹಾರಿಹೋದ ಕಮಾನು, ಒಳಗೆ ಒಂದಿಷ್ಟು ಸಮತಟ್ಟು ನೆಲ, ನೆಲದಲ್ಲಿ ಕಾಳು ತುಂಬುವ ಹಳೆಯ ಹಗೇವಿನ ಬಾಯಿ. ನಿಂತವಳು ದೇವಿಯಲ್ಲ, ತಂಗೆವ್ವ ಎಂಬ ಹೆಣ್ಣುಮಗಳು.

ಇಲ್ಲಿಯ ದೇಸಾಯಿ ಕುಂಪಣಿಯ ಮೇಲೆ ತಿರುಗಿಬಿದ್ದು ಸೋತ ಮರುವರ್ಷದ ಮಾತಂತೆ ಇದು. ತಂಗೆವ್ವನ ಗಂಡ ಫಕೀರಪ್ಪ ಕೊನೆಯ ತೋಪು ಹಾರಿಸಿದವನು, ಸಿಕ್ಕರೆ ನೇಣು. ಹಗಲೆಲ್ಲ ಅವನು ಆ ಖಾಲಿ ಹಗೇವಿನಲ್ಲಿ ಅಡಗಿರುತ್ತಿದ್ದ. ಬಾಯಿಗೆ ಚಪ್ಪಡಿ, ಗಾಳಿಗೆ ಸಂದಿ ಉಳಿಯಲೆಂದು ಅದರಡಿ ಬೆರಳು ದಪ್ಪದ ಒಂದು ಕಲ್ಲಿನ ಹೆಂಟೆ. ಒಂದು ದಿನ ತಂಗೆವ್ವ ರೊಟ್ಟಿ ಗಂಟು ಹೊತ್ತು ಬರುವಷ್ಟರಲ್ಲಿ ಎರಡು ಚಕ್ಕಡಿ, ನಾಲ್ವರು ಸಿಪಾಯಿಗಳು, ಮುಕ್ಕಾಲಿಯ ಮೇಲೆ ಕೂತ ಕ್ಯಾಮೆರಾ! ಸರಕಾರ ಕೆಡವಿದ ಕೋಟೆಗಳ ಚಿತ್ರ ತೆಗೆಯುತ್ತ ಹೊರಟ ದೊರೆಯೊಬ್ಬ ಬಂದಿದ್ದ. ಚಿತ್ರ ಮೂಡುವ ಗಾಜಿಗೆ ಔಷಧಿ ಹಚ್ಚಲು ಅವನಿಗೊಂದು ಕತ್ತಲೆಯ ಕರೀ ಡೇರೆ ಬೇಕು, ಡೇರೆಗೆ ಸಮತಟ್ಟು ನೆಲ ಬೇಕು. ಆಳುಗಳು ಹೆಂಟೆ ಒದ್ದು, ಚಪ್ಪಡಿ ಸರಿಯಾಗಿ ಕೂರಿಸಿ, ಅದರ ಮೇಲೆಯೇ ಡೇರೆ ಹೊಡೆದಿದ್ದರು. ಮುಚ್ಚಿದ ಹಗೇವು ತೆರೆದರೆ ಅರ್ಧ ದಿನ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾಯುವ ಸೀಮೆಯ ಹೆಣ್ಣು ತಂಗೆವ್ವ. ಕೂಗಿದರೆ ನೇಣು, ಸುಮ್ಮನಿದ್ದರೆ ಉಸಿರು ಕಟ್ಟುತ್ತದೆ.

ದುಭಾಷಿ ರಾಮಾಜಿಪಂತ ಅವಳನ್ನೇ ಕರೆದ. "ಬಾ ತಂಗಿ, ಅಗಸ್ಯಾಗ ನಿಂದರು. ಗ್ವಾಡಿ ಎಷ್ಟು ಎತ್ತರ ಅನ್ನೂದು ತಿಳೀಬೇಕಂದ್ರ ಒಂದು ಆಳು ಬೇಕು. ಅರವತ್ತು ಎಣಸೂತನಾ ಮಿಸುಕಬ್ಯಾಡ."

ನಿಂತಳು. ಆದರೆ ಕಣ್ಣು ಡೇರೆಯ ಕಡೆಗೇ ಓಡುತ್ತಿತ್ತು, ಕಣ್ಣಿನ ಹಿಂದೆ ಕತ್ತು. ಡೇರೆಯೊಳಗೆ ಗಾಜು ತೊಳೆದು ಬಂದ ದೊರೆ ಕೆಂಡವಾಗಿದ್ದ. ಪಂತ ನಕ್ಕ: "ಚಿತ್ರದಾಗ ನಿನಗ ಎರಡು ತಲಿ ಬಂದಾವಲ್ಲವಾ! ರಾವಣನ ತಂಗಿ ಏನು ನೀ? ಚಿತ್ರ ಬರೋಬ್ಬರಿ ಬರೂತನಾ ಡೇರೆ ಏಳೂದಿಲ್ಲ ನೋಡು."

ಡೇರೆ ಏಳಿಸುವ ದಾರಿ ಅದೊಂದೇ ಎಂದು ತಂಗೆವ್ವನಿಗೆ ಆಗ ಹೊಳೆಯಿತು. ಮತ್ತೆ ನಿಂತಳು. ಪಂತ ಇಪ್ಪತ್ತು ಎನ್ನುವಾಗ ನೆಲದಡಿಯಿಂದ ಗುದ್ದಿದ ಸದ್ದು. ನೇಣಾದರೂ ಸರಿ, ಗಾಳಿ ಬೇಕು ಎನ್ನುವ ಸದ್ದು.

"ಏನದು?" ಎಂದ ಸಿಪಾಯಿ.

"ಹೆಗ್ಗಣ ಇರಬೇಕು. ಗದ್ದಲ ಮಾಡಬ್ಯಾಡೋ, ಎಣಿಕಿ ತಪ್ಪತೈತಿ," ಎಂದ ಪಂತ.

ತಂಗೆವ್ವ ರೆಪ್ಪೆ ಹೊಡೆಯಲಿಲ್ಲ. ನಲವತ್ತಕ್ಕೆ ಗುದ್ದು ಮೆತ್ತಗಾಯಿತು. ಐವತ್ತಕ್ಕೆ ನಿಂತೇಹೋಯಿತು. ಉಳಿದ ಹತ್ತು ಎಣಿಕೆ ಆಕೆ ಹೇಗೆ ನಿಂತಳೋ ಆ ಶಿವನೇ ಬಲ್ಲ. ಚಪ್ಪಡಿ ಕಲ್ಲೂ ಅಷ್ಟು ಸ್ಥಿರವಾಗಿ ನಿಂತಿರಲಿಕ್ಕಿಲ್ಲ ಎನ್ನುತ್ತಾರೆ.

ಚಿತ್ರ ಚೆನ್ನಾಗಿ ಬಂತು, ಡೇರೆ ಎದ್ದಿತು. ಚಕ್ಕಡಿಗಳು ಇಳಿಜಾರು ಇಳಿದದ್ದೇ ತಡ, ಉಗುರು ಕಿತ್ತುಬರುವಂತೆ ತಂಗೆವ್ವ ಚಪ್ಪಡಿ ಎಳೆದಳು. ಹಗೇವಿನ ಗೋಡೆಯ ಬಿರುಕಿಗೆ ಬಾಯಿ ಹಚ್ಚಿಕೊಂಡು ಬಿದ್ದಿದ್ದ ಫಕೀರಪ್ಪನ ಮೈ ತಣ್ಣಗಾಗಿತ್ತು. ರಟ್ಟೆ ಹಿಡಿದು ಎಳೆದು, ಬೆನ್ನಿಗೆ ಗುದ್ದಿದಾಗ ಕೆಮ್ಮಿದ. ಮೊದಲ ಮಾತು: "ಮುಚ್ಚಬ್ಯಾಡ."

ಮುಂದೆ ಬಂಡಾಯದವರಿಗೆ ಮಾಫಿ ಸಿಕ್ಕಿತು. ಹಾಗೆ ನಿಂತ ಆಕೆಯನ್ನು ಊರವರು ನಿಂತವ್ವ ಎಂದರು, ಅಗಸಿಗೂ ಅದೇ ಹೆಸರಿಟ್ಟರು. ಅಲ್ಲಿಂದ ಇಳಿದು ಬಂದರೆ ಎಡಕ್ಕೆ ಮೊದಲ ಮನೆ ಅವರದು. ಸಾಗವಾನಿಯ ಚೌಕಟ್ಟು ಲಕ್ಷಣವಾಗಿದೆ, ಕದವಿಲ್ಲ. ಐದು ತಲೆಮಾರಿನಿಂದ ಇಲ್ಲ. ನೋಡಲು ಹೋದವರು ಯಾವುದನ್ನು ತಟ್ಟಬೇಕೆಂದು ತಿಳಿಯದೆ ಹೊಸ್ತಿಲಲ್ಲಿ ಸುಮ್ಮನೆ ನಿಂತಿರುತ್ತಾರೆ. ಒಳಗಿನಿಂದ ಯಾರಾದರೂ "ಬರ್ರಿ ಒಳಗ, ಹಂಗ್ಯಾಕ ನಿಂತೀರಿ?" ಎನ್ನುತ್ತಾರೆ.