ದನಿಯಿಲ್ಲದ ಜಯಕಾರ

"ಗುರುಗಳೇ, ದೂರದ ಯುದ್ಧಕ್ಕೆ ಒಂದೇ ದನಿಯಲ್ಲಿ ಜಯಕಾರ ಹಾಕಿದ ಜನರೇ ಕಾಲ ಕಳೆದಂತೆ ಅದನ್ನು ಬೇಡವೆನ್ನುತ್ತಾರೆ. ಜನರ ಮನಸ್ಸು ಬದಲಾಗುವುದು ಯಾವ ಗಳಿಗೆಯಲ್ಲಿ?" ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಕಡಲ ತೀರದಲ್ಲಿ ಒಂದು ಊರಿತ್ತು. ಅಲ್ಲಿನ ಅರಸನು ಕಡಲಾಚೆಯ ದ್ವೀಪವೊಂದರ ಮೇಲೆ ಯುದ್ಧ ಸಾರಿದನು. ಆ ದ್ವೀಪವನ್ನು ಊರಿನವರು ಯಾರೂ ಕಂಡಿರಲಿಲ್ಲ. ಆದರೂ ಹಡಗುಗಳು ಹೊರಟ ದಿನ ಊರಿಗೆ ಊರೇ ದಡಕ್ಕೆ ಬಂದು, ಅವು ಮಬ್ಬಿನಲ್ಲಿ ಕರಗುವವರೆಗೂ ಜಯಕಾರ ಹಾಕಿತು. ಅಂದಿನಿಂದ ದಿನವೂ ಮುಸ್ಸಂಜೆ ಜನರು ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ಜಯಕಾರ ಹಾಕುವುದು ರೂಢಿಯಾಯಿತು.

ಅವಲಕ್ಕಿ ಕುಟ್ಟಿ ಬದುಕುವ ಒಬ್ಬ ಹೆಂಗಸಿದ್ದಳು. ಅವಳ ಒಬ್ಬನೇ ಮಗ ಹಡಗೇರಿದ್ದನು. ಅವಳ ದನಿ ಎಲ್ಲರಿಗಿಂತ ಎತ್ತರವಾಗಿತ್ತು.

ಕೆಲವು ಕಾಲದ ಮೇಲೆ ದ್ವೀಪದಿಂದ ಸೆರೆಯಾಳುಗಳು ಬಂದರು. ಅವರಲ್ಲಿ ಒಬ್ಬ ಮುದುಕಿಯನ್ನು ಅವಲಕ್ಕಿಯವಳ ಮನೆಗೆ ಕೆಲಸಕ್ಕೆ ಬಿಟ್ಟರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಒಂದೇ ಒರಳಿಗೆ ಇಬ್ಬರೂ ಒನಕೆ ಹಾಕುತ್ತಿದ್ದರು. ಸಂಜೆ ಜಯಕಾರ ಎದ್ದಾಗ ಮುದುಕಿಯು ಒನಕೆ ಬಿಟ್ಟು, ಮೂಲೆಗೆ ಸರಿದು, ಎರಡೂ ಕಿವಿ ಮುಚ್ಚಿಕೊಂಡು ಒಂದೇ ಹೆಸರನ್ನು ಮತ್ತೆ ಮತ್ತೆ ಕರೆಯುತ್ತಿದ್ದಳು. ಅದು ಮಗನ ಹೆಸರೆಂದು ತಿಳಿಯಲು ಭಾಷೆ ಬೇಕಾಗಿರಲಿಲ್ಲ.

ಒಂದು ಸಂಜೆ ಅವಲಕ್ಕಿಯವಳು ಹೊಸ್ತಿಲಿಗೆ ಬಂದು ಬಾಯಿ ತೆರೆದಳು. ದನಿ ಬರಲಿಲ್ಲ. ನೆರೆಯವರಿಗೆ ತಿಳಿಯಬಾರದೆಂದು ತುಟಿ ಮಾತ್ರ ಆಡಿಸಿದಳು.

ಪಕ್ಕದ ಮನೆಯ ಕುಂಬಾರನಿಗೆ ಅದು ತಿಳಿಯಿತು. ಅವನಿಗೆ ದಿನವೂ ಕೂಗಿ ಕೂಗಿ ಸಾಕಾಗಿತ್ತು. ಸುಮ್ಮನಿದ್ದರೆ ಮಗನನ್ನು ಕಳಿಸಿದವಳು ನೊಂದುಕೊಂಡಾಳೆಂದು ಕೂಗುತ್ತಿದ್ದನು, ಅಷ್ಟೆ. ಮರುದಿನ ಅವನೂ ತುಟಿ ಮಾತ್ರ ಆಡಿಸಿದನು. ಅವನನ್ನು ಕಂಡು ಮತ್ತೊಬ್ಬನು. ಹೀಗೆ ಬೀದಿಯಿಂದ ಬೀದಿಗೆ ಹಬ್ಬಿತು. ಕೊನೆಗೊಂದು ಸಂಜೆ ಊರೆಲ್ಲ ಹೊಸ್ತಿಲಲ್ಲಿ ನಿಂತಿತ್ತು. ಎಲ್ಲರ ತುಟಿಗಳೂ ಆಡುತ್ತಿದ್ದವು. ಅಲೆಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ.

ಉಪ್ಪರಿಗೆಯಿಂದ ನೋಡುತ್ತಿದ್ದ ಅರಸನು ವೈದ್ಯನನ್ನು ಕರೆಸಿದನು. "ನನ್ನ ಕಿವಿ ಹೋಯಿತೇನು?" ಎಂದನು.

"ಕಡಲು ಕೇಳಿಸುತ್ತಿದೆಯೇ, ಪ್ರಭು?"

"ಕೇಳಿಸುತ್ತಿದೆ."

"ಹಾಗಾದರೆ ಕಿವಿ ಸರಿಯಿದೆ" ಎಂದು ವೈದ್ಯನು ತಲೆ ತಗ್ಗಿಸಿದನು. ಅರಸನು ಸದ್ದಿಲ್ಲದ ಊರನ್ನು ಮತ್ತೊಮ್ಮೆ ನೋಡಿದನು. ಬೆಳಗಾಗುತ್ತಲೇ ಸಂಧಿಗಾಗಿ ದೂತರ ಹಡಗು ಹೊರಟಿತು. ಅದರಲ್ಲಿ ಸೆರೆಯಾಳುಗಳೂ ತಮ್ಮ ದ್ವೀಪಕ್ಕೆ ಹೊರಟರು.

ಯುದ್ಧಕ್ಕೆ ಹೋದವರು ಮರಳಿದರು. ಅವಲಕ್ಕಿಯವಳ ಮಗ ಊರುಗೋಲು ಹಿಡಿದು ಇಳಿದನು. ಅವನಿಗೆ ಒಂದು ಕಾಲಿರಲಿಲ್ಲ. ದಡದಲ್ಲಿದ್ದವರು, "ಈ ಯುದ್ಧ ಬೇಡವೆಂದೇ ನಾವು ಮೊದಲಿನಿಂದ ಅಂದುಕೊಂಡಿದ್ದೆವಪ್ಪ" ಎಂದರು. ಕುಂಬಾರನೂ ಹಾಗೆಯೇ ಹೇಳಿದನು.

ಮಗನು ಎಲ್ಲರ ಮುಖ ನೋಡಿದನು. "ಹೊರಟ ದಿನ ನನಗೆ ಭಯವಾಗಿತ್ತು. ತಿರುಗಿ ಮನೆಗೆ ಓಡಿಬಿಡೋಣ ಎನಿಸಿತ್ತು. ಜಯಕಾರ ಕೇಳಿ ಹಡಗು ಹತ್ತಿದೆ. ಅಂದು ಕೂಗಿದವರು ಯಾರು?"

ತಾಯಿಯೊಬ್ಬಳೇ ಮುಂದೆ ಬಂದಳು.

"ನಾನು ಕೂಗಿದೆ, ಮಗನೇ. ಗಂಟಲು ಬಿರಿಯುವಂತೆ ಕೂಗಿದೆ."

ಮಗನು ಅವಳ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟನು. ಇಬ್ಬರೂ ಮನೆಗೆ ನಡೆದರು.

ಶಿಷ್ಯನು, "ಹಾಗಾದರೆ ಊರಿನ ಮನಸ್ಸು ಬದಲಾದದ್ದು ಅವಳ ದನಿ ನಿಂತ ಸಂಜೆಯೇ?" ಎಂದು ಕೇಳಿದನು.

ಗುರುಗಳು ಹೇಳಿದರು: "ಮನಸ್ಸು ಬದಲಾದದ್ದು ಅವಳೊಬ್ಬಳದು, ಊರಿನವರಲ್ಲಿ ಬದಲಾದದ್ದು ನೆನಪು ಮಾತ್ರ."